ಅಳತೆ ಕೊಟ್ಟು ಮಾಡಿಸಿದ ಗಾಲಿಕುರ್ಚಿ: ಮೂರು ವರ್ಷಗಳ ಬಳಕೆಯ ನಂತರ

ನನ್ನ ಮಗಳಿಗೆ ಈಗ 17 ವರ್ಷ. ಸ್ಪೈನಾ ಬೈಫಿಡಾ ಎಂಬ ಬೆನ್ನುಹುರಿಯ ತೊಂದರೆ ಹುಟ್ಟಿನಿಂದಲೇ ಇದೆ. ಸೊಂಟದ ಕೆಳಗೆ ಬಲವಿಲ್ಲ, ಸ್ಪರ್ಶವೂ ತಿಳಿಯುವುದಿಲ್ಲ.

14 ತುಂಬುವವರೆಗೆ ಅವಳು ಕೂತದ್ದು ಆಸ್ಪತ್ರೆಗಳಲ್ಲಿ ಕಾಣುವ ಮಡಚುವ ಕುರ್ಚಿಯಲ್ಲಿ. ಆಸನದ ಅಗಲ 18 ಇಂಚು, ಅವಳ ಸೊಂಟ 13 ಇಂಚು. ಎರಡೂ ಪಕ್ಕಕ್ಕೆ ದಿಂಬು ತುರುಕುತ್ತಿದ್ದೆವು. ಚಕ್ರಕ್ಕೆ ಕೈ ಎಟುಕಬೇಕಾದರೆ ಭುಜ ಎತ್ತಿ, ಮೊಣಕೈ ಹೊರಚಾಚಬೇಕು. ಅಂಗಳ ದಾಟುವಷ್ಟರಲ್ಲಿ ಸುಸ್ತು. ಅವಳ ಕೈಯಲ್ಲಿ ಕಸುವಿಲ್ಲವೆಂದು ನಂಬಿ ನಾವೇ ತಳ್ಳಿದೆವು. ಕಸುವು ಇತ್ತು, ಕುರ್ಚಿ ಅವಳದಾಗಿರಲಿಲ್ಲ.

ಫಿಸಿಯೋಥೆರಪಿಸ್ಟ್ ಸೊಂಟ, ತೊಡೆ, ಮೊಣಕಾಲಿನಿಂದ ಹಿಮ್ಮಡಿಯವರೆಗೆ ಅಳೆದು ಬರೆದುಕೊಟ್ಟ ಮೇಲೆ ಹೊಸದು ಬಂತು. 14 ಇಂಚಿನ ಆಸನ, ಮಡಚದ ಅಲ್ಯೂಮಿನಿಯಂ ಚೌಕಟ್ಟು, ಹಿಂಚಕ್ರದ ಅಚ್ಚು ತುಸು ಮುಂದಕ್ಕೆ. ಅಚ್ಚು ಮುಂದಿದ್ದರೆ ಮುಂಗಾಲಿಗಳ ಮೇಲಿನ ಭಾರ ಇಳಿಯುತ್ತದೆ, ತಳ್ಳುವುದು ಹಗುರ. ಹಿಂದಕ್ಕೆ ಮಗುಚುವ ಭಯವೂ ಇದೆ, ಆದ್ದರಿಂದ ಹಿಂಬದಿಯ ಪುಟ್ಟ ತಡೆಗಾಲಿಗಳನ್ನು ಮೊದಲ ವರ್ಷ ಬಿಚ್ಚಲಿಲ್ಲ.

ಈಗ ಬೀದಿ ಕೊನೆಯ ಅಂಗಡಿಗೆ ಅವಳೇ ಹೋಗುತ್ತಾಳೆ. ಸೊಪ್ಪಿನ ಚೀಲ ತೊಡೆಯ ಮೇಲೆ, ಸಾಮಾನಿನ ಚೀಟಿ ಬಾಯಲ್ಲಿ, ಎರಡೂ ಕೈ ಚಕ್ರದ ಮೇಲೆ. ಕೈಯೊರಗುಗಳಿಲ್ಲದ ಕುರ್ಚಿ ಮೇಜಿನಡಿ ಸಲೀಸಾಗಿ ಹೋಗುವುದರಿಂದ ಚಪಾತಿ ಲಟ್ಟಿಸುವುದೂ ಅವಳ ಪಾಲಿಗೆ ಬಂದಿದೆ.

ಕುರ್ಚಿಗಿಂತ ಹೆಚ್ಚು ಗಮನ ಬೇಡುವುದು ಮೆತ್ತೆ. ಎರಡನೇ ವರ್ಷ ಫೋಮ್ ಚಪ್ಪಟೆಯಾದದ್ದು ನಮಗೆ ತಿಳಿಯಲಿಲ್ಲ. ನೋವು ತಿಳಿಯದ ಮೈ, ಅವಳಿಗೂ ಗೊತ್ತಾಗಲಿಲ್ಲ. ಸ್ನಾನದ ಹೊತ್ತಿಗೆ ಕೂತ ಜಾಗದಲ್ಲಿ ಕೆಂಪು ಕಲೆ ಕಂಡಿತು, ಒತ್ತಡದ ಹುಣ್ಣಿನ ಮೊದಲ ಗುರುತು. ಮೂರು ವಾರ ಬೋರಲು ಮಲಗಿಯೇ ಓದಿದಳು. ಈಗ ಅರ್ಧ ಗಂಟೆಗೊಮ್ಮೆ ಕೈಯೂರಿ ಮೈ ಎತ್ತುತ್ತಾಳೆ, ಮಲಗುವ ಮುನ್ನ ಕನ್ನಡಿ ಹಿಡಿದು ಚರ್ಮ ನೋಡಿಕೊಳ್ಳುತ್ತಾಳೆ. ಕೊಳ್ಳುವವರು ಮೆತ್ತೆಯ ಖರ್ಚನ್ನು ದಯವಿಟ್ಟು ಬೇರೆಯಾಗಿ ಎತ್ತಿಡಿ.

ಪಂಕ್ಚರ್ ಆದರೆ ಸೈಕಲ್ ಅಂಗಡಿಯಲ್ಲೇ ತೇಪೆ ಹಾಕುತ್ತಾರೆ. ಮುಂಗಾಲಿಯ ಅಚ್ಚಿಗೆ ಕೂದಲು, ದಾರ ಸುತ್ತಿಕೊಳ್ಳುತ್ತದೆ. ತಿಂಗಳಿಗೊಮ್ಮೆ ಕತ್ತರಿಸಿ ತೆಗೆಯಬೇಕು. ಹೊಸಿಲಿನ ಇಳಿಜಾರನ್ನು ಗಾರೆಯವರು ಮೊದಲು ಎರಡೇ ಅಡಿಯಲ್ಲಿ ಮುಗಿಸಿದ್ದರು, ಅದನ್ನು ಒಡೆಸಿದೆವು. ಇಂಚು ಎತ್ತರಕ್ಕೆ ಅಡಿ ಉದ್ದ ಎಂಬುದು ಲೆಕ್ಕ. ನಮ್ಮ ಆರು ಇಂಚಿಗೆ ಆರು ಅಡಿ ಬೇಕಾಯಿತು.

ದೊಡ್ಡ ಕೊರತೆಯೆಂದರೆ ಆಸನವನ್ನು ಅಗಲಿಸಲು ಬರುವುದಿಲ್ಲ. ಬೆಳೆಯುವ ಮಕ್ಕಳಿದ್ದರೆ ಹೊಂದಿಸಬಹುದಾದ ಚೌಕಟ್ಟನ್ನೇ ಕೇಳಿ. ಅವಳ ಸೊಂಟ 14 ಮುಟ್ಟಿದೆ, ಮತ್ತೆ ಅಳತೆ ತೆಗೆಸಬೇಕು. ಬೆನ್ನೊರಗು ಎರಡು ಇಂಚು ಕಡಿಮೆ ಇರಲಿ ಎಂದು ಅವಳೇ ಈಗಾಗಲೇ ಬರೆದಿಟ್ಟುಕೊಂಡಿದ್ದಾಳೆ.