ರೆಡ್‌ಫೀಲ್ಡ್‌ನಲ್ಲಿ ಫೆಸೆಂಟ್ ಬೇಟೆಯ ಮೊದಲ ವಾರಾಂತ್ಯ: ಲಾಡ್ಜ್ ಹೇಗಿತ್ತು?

ಈ ಲಾಡ್ಜಿಗೆ ಬೇಟೆಗೆ ಹೋಗಬಹುದು. ಆದರೆ ದುಡ್ಡು ಕಟ್ಟುವ ಮೊದಲು ಎರಡು ಪ್ರಶ್ನೆ ಕೇಳಿ. ಹೊಲದಲ್ಲಿ ಬೇಟೆಗೆ ನಿಲ್ಲುವ ಒಂದು ಸಾಲಿನಲ್ಲಿ ಎಷ್ಟು ಜನ ಇರುತ್ತಾರೆ, ಎಷ್ಟು ನಾಯಿ ಇರುತ್ತವೆ? ಉತ್ತರವನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ನನಗೆ ಫೋನಿನಲ್ಲಿ ಹತ್ತು ಜನ ಅಂದಿದ್ದರು, ಅಲ್ಲಿ ಹೋಗಿ ನೋಡಿದರೆ ಹದಿನೆಂಟು ಜನ ಇದ್ದರು.

ನಾನು, ನನ್ನ ಭಾವ ಇಬ್ಬರೂ ಮಿನಿಯಾಪೊಲಿಸ್‌ನಿಂದ ಕಾರಿನಲ್ಲಿ ಹೋದೆವು, ಸುಮಾರು ಐದು ಗಂಟೆ ದಾರಿ. ಅಮೆರಿಕದ ದಕ್ಷಿಣ ಡಕೋಟಾ ರಾಜ್ಯದ ಸ್ಪಿಂಕ್ ಕೌಂಟಿಯಲ್ಲಿ ರೆಡ್‌ಫೀಲ್ಡ್ ಅಂತ ಒಂದು ಸಣ್ಣ ಊರು. ಆ ಊರಿನ ಹೊರಗೆ ಒಂದು ರೈತ ಕುಟುಂಬ ನಡೆಸುವ ಲಾಡ್ಜ್ ಇದೆ. ಮೂರು ರಾತ್ರಿ, ಎರಡು ದಿನದ ಬೇಟೆ, ಊಟ ಸೇರಿ ಒಬ್ಬರಿಗೆ 1,900 ಡಾಲರ್. ಲೈಸೆನ್ಸ್ ಬೇರೆ. ಗೈಡ್‌ಗಳಿಗೆ ಟಿಪ್ಸ್ ಕೂಡ ಬೇರೆ, ಇದನ್ನು ಲಾಡ್ಜಿನವರು ಮೊದಲೇ ಹೇಳಬೇಕಿತ್ತು.

ರೆಡ್‌ಫೀಲ್ಡೇ ಯಾಕೆ ಅಂದರೆ, ಫೆಸೆಂಟ್ ಅನ್ನುವ, ಕೋಳಿ ಜಾತಿಯ, ಏಷ್ಯಾ ಮೂಲದ ಈ ಹಕ್ಕಿಯನ್ನು 1908ರ ಹೊತ್ತಿಗೆ ತಂದು ಬಿಟ್ಟಿದ್ದು ಈ ಊರಿನ ಸುತ್ತಮುತ್ತಲೇ. 1919ರಲ್ಲಿ ಮೊದಲ ಬೇಟೆ ಸೀಸನ್ ನಡೆದದ್ದೂ ಇದೇ ಕೌಂಟಿಯಲ್ಲಿ, ಅದೂ ಒಂದೇ ದಿನ. 1943ರಲ್ಲಿ ಇದು ರಾಜ್ಯದ ಹಕ್ಕಿಯೂ ಆಯಿತು. ಈಗ ಅಕ್ಟೋಬರ್ ಮೂರನೇ ಶನಿವಾರ ಬಂತೆಂದರೆ ಇಲ್ಲಿ ನಮ್ಮ ಕಡೆಯ ಜಾತ್ರೆಯ ಹಾಗೆ. ಪೆಟ್ರೋಲ್ ಬಂಕ್, ಹೋಟೆಲ್ ಎಲ್ಲೆಲ್ಲೂ ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಟೋಪಿಗಳು, ಪ್ರತಿ ಟ್ರಕ್ಕಿನ ಹಿಂದೆ ನಾಯಿ.

ಬೆಳಿಗ್ಗೆ ಹತ್ತಕ್ಕೆ ಮುಂಚೆ ಒಂದು ಗುಂಡೂ ಹಾರುವಂತಿಲ್ಲ, ಅದು ರಾಜ್ಯದ ನಿಯಮ. ಒಂಬತ್ತೂವರೆಗೇ ಹೊಲದ ಅಂಚಿನಲ್ಲಿ ನಿಂತು ಎಲ್ಲರೂ ಗಡಿಯಾರ ನೋಡುತ್ತಿದ್ದೆವು. ಆ ಅರ್ಧ ಗಂಟೆಯನ್ನು ಮಾಲೀಕರು ಬಹಳ ಚೆನ್ನಾಗಿ ಬಳಸಿಕೊಂಡರು. ಹಕ್ಕಿಯ ಹಿಂದೆ ಆಕಾಶ ಕಂಡರೆ ಮಾತ್ರ ಹೊಡೆಯಬೇಕು, ಕೆಳಗೆ ಹಾರಿದ್ದನ್ನು ಬಿಡಬೇಕು, ಹೇಟೆಯನ್ನು, ಅಂದರೆ ಹೆಣ್ಣು ಹಕ್ಕಿಯನ್ನು, ಮುಟ್ಟಲೇಬಾರದು. ಹುಂಜ ಮಾತ್ರ, ಅದೂ ದಿನಕ್ಕೆ ಒಬ್ಬರಿಗೆ ಮೂರೇ. ಕೊರಳಿಗೆ ಬಿಳಿ ಪಟ್ಟಿ, ಕೆಂಪು ಮುಖ, ಉದ್ದ ಬಾಲ ಇದ್ದರೆ ಹುಂಜ. ಹೇಟೆ ಒಣಹುಲ್ಲಿನ ಬಣ್ಣ. ಹಕ್ಕಿ ಎದ್ದ ಕೂಡಲೇ ಯಾವುದೆಂದು ಕಂಡವರು ಕೂಗಿ ಹೇಳುತ್ತಾರೆ.

ಈ ಹಕ್ಕಿಗೆ ಹಾರುವುದಕ್ಕಿಂತ ಓಡುವುದೇ ಇಷ್ಟ. ಹಾಗಾಗಿ ಅರ್ಧ ಜನ ಸಾಲಾಗಿ ಹೊಲದೊಳಗೆ ನಡೆದು ಬರುತ್ತಾರೆ, ಉಳಿದವರು ಆ ತುದಿಯಲ್ಲಿ ಅಡ್ಡ ನಿಲ್ಲುತ್ತಾರೆ. ಇದನ್ನು ಕೇಳಿದ ಕೂಡಲೇ ನನಗೆ ಕೊಪ್ಪದ ನಮ್ಮ ಅಜ್ಜನ ಮಾತು ನೆನಪಾಯಿತು. ಹಳು ಸೋವುವವರು, ಅಂದರೆ ಪೊದೆಯಿಂದ ಪ್ರಾಣಿ ಎಬ್ಬಿಸುವವರು, ಒಂದು ಕಡೆಯಿಂದ ಕೂಗುತ್ತಾ ಬರುವುದು, ಕೋವಿಯವರು ಇನ್ನೊಂದು ಕಡೆ ಬಿಲ್ಲಿಗೆ, ಅಂದರೆ ಕಾದು, ನಿಲ್ಲುವುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಅದು ನಿಲ್ಲಬೇಕಾಯಿತು, ನಿಲ್ಲಬೇಕಾದದ್ದೇ, ಕಾಡಿನಲ್ಲಿ ಉಳಿದಿದ್ದಾದರೂ ಎಷ್ಟು? ಆದರೆ ಕಥೆಯಲ್ಲಿ ಮಾತ್ರ ಕೇಳಿದ್ದನ್ನು ಇಷ್ಟು ದೂರದ ಬಯಲಿನಲ್ಲಿ ಕಣ್ಣಾರೆ ಕಂಡಾಗ ಮೈ ಜುಮ್ಮೆಂದಿತು. ಭಾವ ಕೋವಿ ಹಿಡಿಯಲಿಲ್ಲ, ಎರಡೂ ದಿನ ಸುಮ್ನೆ ನಾಯಿಗಳ ಹಿಂದೆ ನಡೆದರು, ನನಗಿಂತ ಅವರಿಗೇ ಜಾಸ್ತಿ ಖುಷಿಯಾಯಿತು.

ಮೊದಲ ದಿನ ಮಧ್ಯಾಹ್ನ ಒಂದು ಘಟನೆ ನಡೆಯಿತು. ಬೇರೆ ಗುಂಪಿನವರೊಬ್ಬರು ತಲೆಯ ಎತ್ತರದಲ್ಲಿ ಹಾರಿದ ಹುಂಜಕ್ಕೆ ಹೊಡೆದರು, ಆ ದಿಕ್ಕಿನಲ್ಲೇ ಅಡ್ಡ ನಿಂತವರಿದ್ದರು. ಯಾರಿಗೂ ಚರೆ, ಅಂದರೆ ತೋಟಾದೊಳಗಿನ ಸಣ್ಣ ಗುಂಡು, ತಾಗಲಿಲ್ಲ. ಗೈಡ್ ಹುಡುಗಿ, ಇಪ್ಪತ್ತೈದೂ ಆಗಿರಲಿಕ್ಕಿಲ್ಲ, ತಕ್ಷಣ ಎಲ್ಲರನ್ನೂ ನಿಲ್ಲಿಸಿದಳು. ಹೊಡೆದವರ ಕೋವಿಯ ತೋಟಾ ತೆಗೆಸಿ, ಅವರನ್ನು ಆ ದಿನಕ್ಕೆ ಟ್ರಕ್ಕಿಗೆ ಕಳಿಸಿದಳು. ದುಡ್ಡು ಕೊಟ್ಟ ಅತಿಥಿ ಅಂತ ನೋಡಲಿಲ್ಲ. ನಾನು ಈ ಲಾಡ್ಜನ್ನು ಮೆಚ್ಚಲು ಮೊದಲ ಕಾರಣ ಇದೇ.

ಆದರೆ ಅಂಥ ಪರಿಸ್ಥಿತಿ ಬರಲು ಹದಿನೆಂಟು ಜನರನ್ನು ಒಂದೇ ಸಾಲಿಗೆ ಹಾಕಿದ್ದೂ ಕಾರಣ ಅಲ್ವಾ? ನಾಯಿಗಳು ಮೂರೇ ಮೂರು. ಎರಡು ಲ್ಯಾಬ್ರಡಾರ್, ಒಂದು ಜರ್ಮನ್ ಪಾಯಿಂಟರ್, ಸಂಜೆಗೆ ಮೂರೂ ಸುಸ್ತು. ಬಿದ್ದ ಎರಡು ಹಕ್ಕಿ ಜಂಬು ಹುಲ್ಲಿನಲ್ಲಿ ಸಿಗಲೇ ಇಲ್ಲ. ಕೊಂದ ಹಕ್ಕಿ ಕೊಳೆತು ಹೋಗುವುದು ನನಗೆ ತಡೆಯಲಾಗದ ಸಂಗತಿ. ಮಾಲೀಕರಿಗೆ ನೇರವಾಗಿ ಹೇಳಿದೆ. ಅವರು ವಾದಿಸಲಿಲ್ಲ. ಎರಡನೇ ದಿನ ನಮ್ಮನ್ನು ಎರಡು ಗುಂಪು ಮಾಡಿ, ಪಕ್ಕದ ಹೊಲದವರಿಂದ ಇನ್ನೆರಡು ನಾಯಿ ತರಿಸಿದರು. ಅವತ್ತು ಒಂದೂ ಕಳೆದುಹೋಗಲಿಲ್ಲ.

ಇಲ್ಲಿ ಸಾಕಿ ಬಿಟ್ಟ ಹಕ್ಕಿಗಳಿಲ್ಲ, ಎಲ್ಲವೂ ಹೊಲದಲ್ಲೇ ಹುಟ್ಟಿದವು. ಇದನ್ನೂ ಕೇಳಿಕೊಳ್ಳಿ, ಯಾಕೆಂದರೆ ಬಿಟ್ಟ ಹಕ್ಕಿಯ ಜಾಗಗಳೂ ಬೇಕಾದಷ್ಟಿವೆ. ಈ ಕುಟುಂಬ ಜೌಗಿನ ಸುತ್ತ ಉತ್ತು ಬಿತ್ತದೆ ಹುಲ್ಲು ಬಿಟ್ಟಿದೆ, ಅದಕ್ಕೆ ಸರ್ಕಾರದಿಂದ ವರ್ಷಕ್ಕಿಷ್ಟು ಬಾಡಿಗೆ ಬರುತ್ತದೆ. ಗೂಡು ಕಟ್ಟಲು ಆ ಹುಲ್ಲಿಲ್ಲದಿದ್ದರೆ ಹಕ್ಕಿಯೂ ಇಲ್ಲ. ಅಂಚಿನಲ್ಲಿ ನಿಂತು ಅದನ್ನು ತೋರಿಸುವಾಗ ಮಾಲೀಕರ ಮುಖ ನೋಡಬೇಕಿತ್ತು. ಈ ಸಲ ಮಳೆಯಿಂದ ಮೆಕ್ಕೆಜೋಳದ ಕಟಾವು ತಡವಾಗಿ, ಅರ್ಧಕ್ಕರ್ಧ ಹಕ್ಕಿ ಪೈರಿನೊಳಗೇ ಅಡಗಿದ್ದವು. ನನಗೆ ಎರಡು ದಿನಕ್ಕೆ ಸಿಕ್ಕಿದ್ದು ನಾಲ್ಕು.

ಊಟ ಧಾರಾಳ. ಅಣಬೆ ಹಾಕಿದ ಕೆನೆ ಗ್ರೇವಿಯಲ್ಲಿ ಬೇಯಿಸಿದ ಫೆಸೆಂಟ್ ಮೆತ್ತಗೆ ಚೆನ್ನಾಗಿತ್ತು, ಖಾರ ಮಾತ್ರ ಇಲ್ಲವೇ ಇಲ್ಲ. ಸಸ್ಯಾಹಾರಿಗಳು ಜೊತೆಗಿದ್ದರೆ ಚಟ್ನಿಪುಡಿ, ಉಪ್ಪಿನಕಾಯಿ ಒಯ್ಯಿರಿ, ಆಲೂಗಡ್ಡೆ, ಬ್ರೆಡ್ ಬಿಟ್ಟು ಹೆಚ್ಚೇನೂ ಸಿಗುವುದಿಲ್ಲ. ಹಕ್ಕಿಗಳನ್ನು ಅವರೇ ಶುಚಿ ಮಾಡಿ, ಹುಂಜ ಅಂತ ಗೊತ್ತಾಗಲು ಒಂದು ಕಾಲು ಹಾಗೇ ಬಿಟ್ಟು ಕಟ್ಟಿಕೊಟ್ಟರು. ದಾರಿಯಲ್ಲಿ ಅಧಿಕಾರಿಗಳು ನೋಡಬಹುದು, ಮನೆ ಸೇರುವವರೆಗೆ ಅದನ್ನು ಕತ್ತರಿಸಬೇಡಿ. ಮನೆಯಲ್ಲಿ ನಾವು ಸಾರು ಮಾಡಿ ಕಡುಬಿನ ಜೊತೆ ತಿಂದೆವು. ಕೊಬ್ಬು ಕಮ್ಮಿ, ಎದೆಯ ಮಾಂಸ ಜಾಸ್ತಿ ಬೆಂದರೆ ನಾರಾಗುತ್ತದೆ. ಚರೆ ಹುಡುಕಿ ತೆಗೆದೇ ಒಲೆಗೆ ಇಡಿ.

ಅಮೆರಿಕದಲ್ಲಿ ವೀಸಾದಲ್ಲಿ ಇರುವವರಿಗೆ ಒಂದು ಮಾತು. ಎಚ್-1ಬಿಯಂಥ ತಾತ್ಕಾಲಿಕ ಕೆಲಸದ ವೀಸಾದವರು ಕೋವಿ ಹಿಡಿಯುವುದು ಫೆಡರಲ್ ಕಾನೂನಿನ ಪ್ರಕಾರ ಅಪರಾಧ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ಅದಕ್ಕೆ ವಿನಾಯಿತಿ ಇದೆ. ಹಾಗಾಗಿ ಲೈಸೆನ್ಸ್ ಕೈಗೆ ಬರುವ ಮೊದಲು, ಸ್ನೇಹಿತರು ಪ್ರೀತಿಯಿಂದ ಕೊಟ್ಟರೂ ಮುಟ್ಟಬೇಡಿ. ವಕೀಲರನ್ನು ಒಮ್ಮೆ ಕೇಳಿಕೊಂಡರೆ ಇನ್ನೂ ಒಳ್ಳೆಯದು.

ಐದಕ್ಕೆ ನಾಲ್ಕು ಕೊಡುತ್ತೇನೆ. ಮುಂದಿನ ವರ್ಷಕ್ಕೂ ಇಲ್ಲೇ ಬುಕ್ ಮಾಡಿದ್ದೇವೆ, ಆದರೆ ಮೊದಲ ವಾರಾಂತ್ಯಕ್ಕಲ್ಲ, ನವೆಂಬರ್‌ಗೆ. ಅಷ್ಟರಲ್ಲಿ ಮೆಕ್ಕೆಜೋಳ ಕಟಾವಾಗಿರುತ್ತದೆ. ಎಂಟು ಜನ, ನಾಲ್ಕು ನಾಯಿ ಅಂತ ಈ ಸಲ ಇಮೇಲ್‌ನಲ್ಲಿ ಬರೆಸಿಕೊಂಡಿದ್ದೇನೆ.