ಹೆದರಿಕೆ ಕಳೆಯಲು ‘ಕ್ಯಾನ್ಸರ್ ಪ್ಯಾಕೇಜ್’ ಟೆಸ್ಟ್ ಬುಕ್ ಮಾಡುವ ಮೊದಲು ಇದನ್ನು ಓದಿ

ಇಪ್ಪತ್ತು, ಮೂವತ್ತರ ವಯಸ್ಸಿನವರಿಗೆ ಒಂದು ಮಾತು. ಯಾವ ಡಾಕ್ಟರೂ ಬರೆದುಕೊಡದೆ, ಬರೀ ಹೆದರಿಕೆಗೆ, ಆನ್‌ಲೈನ್‌ನಲ್ಲಿ ಕಾಣುವ ಕ್ಯಾನ್ಸರ್ ಸ್ಕ್ರೀನಿಂಗ್ ಪ್ಯಾಕೇಜ್ ಬುಕ್ ಮಾಡಬೇಡಿ. ಮುಖ್ಯವಾದದ್ದನ್ನು ಮೊದಲೇ ಹೇಳಿಬಿಟ್ಟೆ. ಯಾಕೆಂದರೆ ಗಾಬರಿಯಲ್ಲಿರುವವರು ಉದ್ದದ ಬರಹವನ್ನು ಕೊನೆವರೆಗೆ ಓದುವುದಿಲ್ಲ, ನಡುವೆ ಯಾವುದೋ ಲಕ್ಷಣದ ಹೆಸರು ಕಂಡರೆ ಸಾಕು, ಅದನ್ನೇ ಹುಡುಕಲು ಹೊರಟುಬಿಡುತ್ತಾರೆ. ನಾನೂ ಹಾಗೇ ಇದ್ದೆ.

ನನ್ನದೇ ವಯಸ್ಸಿನ ಪರಿಚಯದ ಹುಡುಗಿಯೊಬ್ಬಳು ಅಂಡಾಶಯದ ಕ್ಯಾನ್ಸರ್‌ನಿಂದ ತೀರಿಕೊಂಡಳು. ಆ ಸುದ್ದಿ ಕೇಳಿದ ಮೇಲೆ ನನಗೆ ನನ್ನ ಹೊಟ್ಟೆಯ ಮೇಲೇ ಗಮನ. ಹೊಟ್ಟೆ ಉಬ್ಬರಿಸಿದ ಹಾಗೆ ಅನಿಸುತ್ತಿತ್ತು. ಫೋನ್‌ನಲ್ಲಿ ಹುಡುಕಿದರೆ ಹೊಟ್ಟೆ ಉಬ್ಬರ, ಬೇಗ ಹೊಟ್ಟೆ ತುಂಬಿದ ಹಾಗಾಗುವುದು, ಪದೇ ಪದೇ ಮೂತ್ರಕ್ಕೆ ಹೋಗಬೇಕು ಅನಿಸುವುದು, ಎಲ್ಲವೂ ಆ ಕ್ಯಾನ್ಸರ್‌ನ ಲಕ್ಷಣಗಳ ಪಟ್ಟಿಯಲ್ಲಿ ಇವೆ. ಇವೇ ಲಕ್ಷಣಗಳು ಗ್ಯಾಸ್‌ಗೂ ಬರುತ್ತವೆ, ಮುಟ್ಟಿನ ಮುಂಚಿನ ದಿನಗಳಲ್ಲೂ ಬರುತ್ತವೆ, ಬರೀ ಟೆನ್ಷನ್‌ಗೂ ಬರುತ್ತವೆ. ಆದರೆ ಆ ಹೊತ್ತಿನಲ್ಲಿ ಕಣ್ಣಿಗೆ ಬೀಳುವುದು ಒಂದೇ ಪದ. ದಿನಕ್ಕೆ ಹತ್ತಾರು ಸಲ ಹೊಟ್ಟೆ ಒತ್ತಿ ನೋಡಿಕೊಳ್ಳುತ್ತಿದ್ದೆ. ಒತ್ತಿ ಒತ್ತಿ ಅಲ್ಲಿ ನೋವು ಶುರುವಾಯಿತು, ಆ ನೋವು ಹೊಸ ಲಕ್ಷಣವಾಯಿತು. ಹೆದರಿಕೆಗೆ ಊಟ ಸೇರುತ್ತಿರಲಿಲ್ಲ, ತೂಕ ಇಳಿಯಿತು. ತೂಕ ಇಳಿದಿದ್ದೂ ಪಟ್ಟಿಯಲ್ಲಿತ್ತಲ್ವಾ, ಅಲ್ಲಿಗೆ ಮುಗಿಯಿತು.

ಆಗಲೇ ಫೋನ್‌ನಲ್ಲಿ ಆ ಜಾಹೀರಾತು ಬರಲು ಶುರುವಾಯಿತು. ಒಂದೇ ಸಲ ರಕ್ತ ಕೊಡಿ, ಇಷ್ಟೊಂದು ಬಗೆಯ ಕ್ಯಾನ್ಸರ್ ಪತ್ತೆ ಮಾಡುತ್ತೇವೆ, ನಿಶ್ಚಿಂತೆಯಿಂದಿರಿ ಅಂತ. ನಿಶ್ಚಿಂತೆ ಅನ್ನುವ ಪದ ಓದಿದಾಗ ನನಗೆ ಅಳುವೇ ಬಂದಿತ್ತು, ಅಷ್ಟು ಬೇಕಾಗಿತ್ತು ಅದು. ಬುಕ್ ಮಾಡಿದೆ. ಮನೆಗೇ ಬಂದು ರಕ್ತ ತೆಗೆದುಕೊಂಡು ಹೋದರು. ವಯಸ್ಸು ಕೇಳಿದರು, ಹೆಸರು ಕೇಳಿದರು, ಬೇರೆ ಏನನ್ನೂ ಕೇಳಲಿಲ್ಲ. ಅವತ್ತು ನನಗೆ ಮುಟ್ಟಿನ ಎರಡನೇ ದಿನ.

ರಿಪೋರ್ಟ್ ಮೊಬೈಲ್‌ಗೆ ಬಂತು. ಸಿಎ 125 ಅನ್ನುವ ಸಾಲಿನ ಎದುರು ಕೆಂಪು ಬಣ್ಣದಲ್ಲಿ 52. ಪಕ್ಕದಲ್ಲಿ 35ಕ್ಕಿಂತ ಕಡಿಮೆ ಇರಬೇಕು ಅಂತ. ಕೆಳಗೆ ಒಬ್ಬ ಡಾಕ್ಟರ್‌ನ ವಿವರಣೆ ಇಲ್ಲ, ಮುಂದೇನು ಅಂತ ಇಲ್ಲ. ಸ್ವಲ್ಪ ಹೊತ್ತಿಗೆ ಫೋನ್ ಬಂತು. ಮಾತಾಡಿದವರು ಡಾಕ್ಟರ್ ಅಲ್ಲ, ಆದರೆ ಡಾಕ್ಟರ್ ಧಾಟಿಯಲ್ಲೇ ಮಾತಾಡಿದರು. “ಮೇಡಂ, ನಿಮ್ಮ ಒಂದು ಮಾರ್ಕರ್ ಹೈ ಬಂದಿದೆ. ಇಂಥದ್ದರಲ್ಲಿ ಲೇಟ್ ಮಾಡಬಾರದು. ನಮ್ಮಲ್ಲೇ ಅಲ್ಟ್ರಾಸೌಂಡ್ ಇದೆ, ಪೆಟ್ ಸಿಟಿ ಇದೆ, ಇವತ್ತೇ ಬುಕ್ ಮಾಡಿದರೆ ಡಿಸ್ಕೌಂಟ್ ಕೊಡ್ತೀವಿ.” ಪೆಟ್ ಸಿಟಿ ಅಂದರೆ ಮೈಯಲ್ಲೆಲ್ಲ ಕ್ಯಾನ್ಸರ್ ಇದೆಯಾ ಅಂತ ಹುಡುಕುವ ಸ್ಕ್ಯಾನ್. ನಡುಗುವ ಕೈಯಲ್ಲಿ ಅಲ್ಟ್ರಾಸೌಂಡ್ ಬುಕ್ ಮಾಡಿದೆ. ಅದರಲ್ಲಿ ಎಡಗಡೆ ಅಂಡಾಶಯದಲ್ಲಿ 2.6 ಸೆಂ.ಮೀ. ಸಿಸ್ಟ್ ಅಂತ ಬಂತು. ಮತ್ತೆ ಅದೇ ಫೋನ್. ಈ ಸಲ ಪೆಟ್ ಸಿಟಿ ಮಾಡಿಸದಿದ್ದರೆ ನಿಮ್ಮ ಹೊಣೆ ಅನ್ನುವ ರೀತಿಯ ಮಾತು.

ಆ ದಿನಗಳು ಹೇಗಿದ್ದವು ಅಂತ ಬರೆಯಲು ಈಗಲೂ ಕಷ್ಟ. ಕೆಲಸಕ್ಕೆ ಹೋಗುತ್ತಿದ್ದೆ, ಏನು ಮಾಡಿ ಬಂದೆ ಅಂತ ನೆನಪಿರುತ್ತಿರಲಿಲ್ಲ. ಅಮ್ಮನಿಗೆ ಹೇಗೆ ಹೇಳುವುದು ಅಂತ ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದೆ. ಪೆಟ್ ಸಿಟಿಗೆ ದುಡ್ಡು ಕಟ್ಟುವ ಹಂತದಲ್ಲಿ ಅಕ್ಕನಿಗೆ ಗೊತ್ತಾಗಿ, ಅವಳು ಸುಮ್ನೆ ಕೂರಿಸಿಕೊಂಡು ಎಲ್ಲ ಕೇಳಿ, ಮಾರನೆಯ ದಿನ ಸ್ತ್ರೀರೋಗ ತಜ್ಞೆಯ ಹತ್ತಿರ ಕರೆದುಕೊಂಡು ಹೋದಳು.

ಡಾಕ್ಟರ್ ರಿಪೋರ್ಟ್ ನೋಡಿ ಕೇಳಿದ ಮೊದಲ ಪ್ರಶ್ನೆ, “ರಕ್ತ ಕೊಟ್ಟ ದಿನ ನಿಮಗೆ ಮುಟ್ಟಾಗಿತ್ತಾ?” ಎರಡನೆಯದು, “ಹೊಟ್ಟೆ ಉಬ್ಬರ ದಿನಾ ಇರುತ್ತಾ, ಬಂದು ಹೋಗುತ್ತಾ?” ಬಂದು ಹೋಗುತ್ತಿತ್ತು, ಮುಟ್ಟು ಹತ್ತಿರ ಬಂದಾಗ ಜಾಸ್ತಿ. ಈ ಎರಡು ಪ್ರಶ್ನೆಗಳನ್ನು ಪ್ಯಾಕೇಜ್ ಮಾರಿದವರಲ್ಲಿ ಒಬ್ಬರೂ ಕೇಳಿರಲಿಲ್ಲ. ನನಗೆ ಇವತ್ತಿಗೂ ಸಿಟ್ಟಿರುವುದು ಇದಕ್ಕೇ.

ಅವರು ವಿವರಿಸಿದ್ದನ್ನು ನನಗೆ ಅರ್ಥವಾದಷ್ಟು ಬರೆಯುತ್ತೇನೆ. ಸಿಎ 125 ಒಂದು ಪ್ರೋಟೀನ್, ಕ್ಯಾನ್ಸರ್‌ನ ಸುಳಿವು ಕೊಡಬಹುದು ಅಂತ ರಕ್ತದಲ್ಲಿ ಅಳೆಯುವ ಇಂಥವುಗಳಿಗೇ ಮಾರ್ಕರ್ ಅನ್ನುವುದು. ಆರೋಗ್ಯವಾಗಿರುವ ಹೆಂಗಸರ ಗರ್ಭಕೋಶದ ಒಳಪದರದಲ್ಲಿ, ಹೊಟ್ಟೆಯ ಒಳಗಿನ ಪೊರೆಯಲ್ಲಿ ಅದು ಇದ್ದೇ ಇರುತ್ತದೆ. ಮುಟ್ಟಾದಾಗ ಏರಬಹುದು, ಬಸುರಿನಲ್ಲಿ ಏರಬಹುದು, ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಹೊರಗೆ ಬೆಳೆಯುವ ತೊಂದರೆ) ಇದ್ದರೆ, ಫೈಬ್ರಾಯ್ಡ್ (ಗರ್ಭಕೋಶದಲ್ಲಿ ಬೆಳೆಯುವ, ಕ್ಯಾನ್ಸರ್ ಅಲ್ಲದ ಗಡ್ಡೆ) ಇದ್ದರೆ, ಲಿವರ್ ತೊಂದರೆ ಇದ್ದರೂ ಏರಬಹುದು. ಇನ್ನೊಂದು ಕಡೆ, ಅಂಡಾಶಯದ ಕ್ಯಾನ್ಸರ್ ತೀರಾ ಶುರುವಿನ ಹಂತದಲ್ಲಿರುವವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಇದು ಏರಿರುವುದೇ ಇಲ್ಲ. ಅಂದರೆ ನನ್ನ ರಿಪೋರ್ಟ್ ನಾರ್ಮಲ್ ಬಂದಿದ್ದರೂ ಆ ಜಾಹೀರಾತಿನ ನಿಶ್ಚಿಂತೆಗೆ ಬೆಲೆ ಇರುತ್ತಿರಲಿಲ್ಲ. ಈ ಟೆಸ್ಟ್ ಉಪಯೋಗಕ್ಕೆ ಬರುವುದು ಬೇರೆ ಕಡೆ. ಕ್ಯಾನ್ಸರ್ ಇದೆ ಅಂತ ಗೊತ್ತಾದವರಲ್ಲಿ ಚಿಕಿತ್ಸೆ ಹೇಗೆ ನಡೆಯುತ್ತಿದೆ ಅಂತ ನೋಡಲು ಬೇಕು. ಲಕ್ಷಣಗಳು ಬಿಡದೆ ಇರುವ ಹೆಂಗಸರಲ್ಲಿ, ಅದರಲ್ಲೂ 50 ದಾಟಿದವರಲ್ಲಿ, ಡಾಕ್ಟರ್ ಪರೀಕ್ಷಿಸಿ ಬರೆದುಕೊಡುತ್ತಾರೆ.

ಇನ್ನು ಸಿಸ್ಟ್. ಮುಟ್ಟಾಗುವ ಹೆಂಗಸರಿಗೆ ಪ್ರತಿ ತಿಂಗಳೂ ಅಂಡಾಶಯದಲ್ಲಿ ನೀರು ತುಂಬಿದ ಸಣ್ಣ ಗುಳ್ಳೆ ಬೆಳೆಯುತ್ತದೆ, ಅಂಡ ಹೊರಬರುವುದೇ ಅದರಿಂದ. 3 ಸೆಂ.ಮೀ.ವರೆಗಿನ ಸಾದಾ ಗುಳ್ಳೆಯನ್ನು ರೋಗ ಅಂತ ಎಣಿಸುವುದೇ ಇಲ್ಲ. ಅದನ್ನು ‘ಸಿಸ್ಟ್’ ಅಂತ ದಪ್ಪ ಅಕ್ಷರದಲ್ಲಿ ಬರೆದು ಕಳಿಸಿದ್ದರು.

ಮುಟ್ಟು ಮುಗಿದ ಮೇಲೆ ಇನ್ನೊಂದು ಸಲ ರಕ್ತ ಪರೀಕ್ಷೆ ಮಾಡಿಸಿದರು, 19 ಬಂತು. ಎರಡು ತಿಂಗಳ ನಂತರ ಅಲ್ಟ್ರಾಸೌಂಡ್‌ನಲ್ಲಿ ಗುಳ್ಳೆ ಇರಲಿಲ್ಲ. ಪೆಟ್ ಸಿಟಿ ಮಾಡಿಸಿದ್ದರೆ ಏನಾಗುತ್ತಿತ್ತು ಅಂತಲೂ ಡಾಕ್ಟರನ್ನು ಕೇಳಿದ್ದೆ. ಅಂಡ ಬಿಡುಗಡೆಯಾಗುವ ದಿನಗಳಲ್ಲಿ ಆರೋಗ್ಯವಾದ ಅಂಡಾಶಯವೂ ಆ ಸ್ಕ್ಯಾನ್‌ನಲ್ಲಿ ಹೊಳೆಯಬಹುದಂತೆ, ಅದನ್ನು ನೋಡಿ ಇನ್ನೊಂದು ಗಾಬರಿ ಶುರುವಾಗುತ್ತಿತ್ತು. ಜೊತೆಗೆ ವಿಕಿರಣ ಬೇರೆ. ಇಡೀ ದೇಹದ ಪೆಟ್ ಸಿಟಿಯಲ್ಲಿ ಸುಮಾರು 25 ಮಿಲಿಸೀವರ್ಟ್ ಆಸುಪಾಸು ವಿಕಿರಣ ತಗಲುತ್ತದೆ, ಯಂತ್ರಕ್ಕೆ ತಕ್ಕ ಹಾಗೆ ಹೆಚ್ಚು ಕಡಿಮೆ. ನಿಸರ್ಗದಿಂದ ನಮಗೆ ಇಡೀ ವರ್ಷದಲ್ಲಿ ಬರುವುದು ಜಗತ್ತಿನ ಸರಾಸರಿಯಲ್ಲಿ 2.4ರಿಂದ 3ರ ಆಸುಪಾಸು. ಕ್ಯಾನ್ಸರ್ ಇರುವವರಿಗೆ ಆ ಸ್ಕ್ಯಾನ್ ತುಂಬಾ ಬೇಕಾದದ್ದು, ಅವರು ಇದನ್ನು ಓದಿ ಹೆದರಬೇಡಿ. ಏನೂ ಇಲ್ಲದವರಿಗೆ ಫೋನ್ ಮಾಡಿ ಡಿಸ್ಕೌಂಟ್‌ನಲ್ಲಿ ಮಾರುವ ವಸ್ತು ಅದಲ್ಲ.

ಬೇಗ ಪತ್ತೆಯಾದರೆ ಒಳ್ಳೆಯದಲ್ವಾ, ಟೆಸ್ಟ್‌ನಿಂದ ಏನು ನಷ್ಟ ಅಂತ ನನಗೆ ತುಂಬಾ ಜನ ಹೇಳಿದ್ದಾರೆ. ಅದಕ್ಕೆ ಉತ್ತರ ಇದೆ. ಅಮೆರಿಕದಲ್ಲಿ 55ರಿಂದ 74 ವಯಸ್ಸಿನ 78 ಸಾವಿರಕ್ಕೂ ಹೆಚ್ಚು ಹೆಂಗಸರ ಮೇಲೆ ದೊಡ್ಡ ಅಧ್ಯಯನ ನಡೆಯಿತು, 2011ರಲ್ಲಿ ಫಲಿತಾಂಶ ಬಂತು. ಅರ್ಧ ಜನಕ್ಕೆ ಸಿಎ 125 ಮತ್ತು ಅಲ್ಟ್ರಾಸೌಂಡ್ ಮಾಡುತ್ತಾ ಹೋದರು. ಅಂಡಾಶಯದ ಕ್ಯಾನ್ಸರ್‌ನ ಸಾವು ಕಡಿಮೆಯಾಗಲಿಲ್ಲ. ಕ್ಯಾನ್ಸರ್ ಇಲ್ಲದೆಯೂ ಇದೆ ಅನ್ನುವಂಥ ಫಲಿತಾಂಶ 3,285 ಹೆಂಗಸರಿಗೆ ಬಂತು. ಅವರಲ್ಲಿ 1,080 ಜನಕ್ಕೆ ಆಪರೇಷನ್ ಆಯಿತು, ಅದರಲ್ಲಿ 163 ಜನಕ್ಕೆ ಗಂಭೀರ ತೊಂದರೆಯಾಯಿತು. ಇಲ್ಲದ ಕಾಯಿಲೆಗೆ ಹೊಟ್ಟೆ ಕೊಯ್ಸಿಕೊಂಡವರು ಅವರು. ಬ್ರಿಟನ್ನಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ ಅಧ್ಯಯನದಲ್ಲೂ ಸಾವು ಕಡಿಮೆಯಾಗಲಿಲ್ಲ ಅಂತ 2021ರಲ್ಲಿ ಪ್ರಕಟವಾಯಿತು. ಕ್ಯಾನ್ಸರ್ ಸಾಧ್ಯತೆ ನಮಗಿಂತ ಎಷ್ಟೋ ಹೆಚ್ಚಿರುವ ವಯಸ್ಸಿನವರಲ್ಲೇ ಹೀಗಾದರೆ, ಇಪ್ಪತ್ತೈದರ ಹುಡುಗಿಗೆ ಅದೇ ಟೆಸ್ಟ್ ಮಾರುವುದನ್ನು ಏನೆನ್ನಬೇಕು?

ಹುಡುಗರಿಗೂ ಇದೇ ಕಥೆ. ಆ ಪ್ಯಾಕೇಜ್‌ಗಳಲ್ಲಿರುವ ಇನ್ನೆರಡು ಮಾರ್ಕರ್‌ಗಳಲ್ಲಿ, ಸಿಇಎ ಸಿಗರೇಟ್ ಸೇದುವವರಲ್ಲಿ ಸುಮ್ನೆ ಏರಿರಬಹುದು, ಸಿಎ 19-9 ಪಿತ್ತಕೋಶದ ಕಲ್ಲಿಗೂ ಏರಬಹುದು. ಇನ್ನೊಂದು ಲೆಕ್ಕ ನೋಡಿ. ಎಷ್ಟೋ ರಕ್ತ ಪರೀಕ್ಷೆಗಳಲ್ಲಿ ನಾರ್ಮಲ್ ಅನ್ನುವ ಮಿತಿಯನ್ನು ಆರೋಗ್ಯವಂತರ ಪೈಕಿ 95 ಜನ ಒಳಗೆ ಬರುವ ಹಾಗೆ ಇಡುತ್ತಾರೆ. ಉಳಿದ 5 ಜನ ಆರೋಗ್ಯವಾಗಿದ್ದೂ ಮಿತಿಯ ಹೊರಗೆ. ಅಂಥ, ಒಂದಕ್ಕೊಂದು ಸಂಬಂಧವಿಲ್ಲದ 20 ಟೆಸ್ಟ್ ಒಟ್ಟಿಗೆ ಮಾಡಿಸಿದರೆ ಒಂದಾದರೂ ಕೆಂಪು ಬಣ್ಣದಲ್ಲಿ ಬರುವ ಸಾಧ್ಯತೆ ನೂರಕ್ಕೆ 64. ಟೆಸ್ಟ್ ಜಾಸ್ತಿಯಾದಷ್ಟೂ ನಿಮ್ಮ ನಿದ್ದೆ ಕೆಡಿಸುವ ಒಂದು ಸಾಲು ಸಿಕ್ಕೇ ಸಿಗುತ್ತದೆ.

ಎಲ್ಲ ಸರಿಯಾಗಿದೆ ಅಂತ ಗೊತ್ತಾದ ಮೇಲೆ ನನ್ನ ಹೆದರಿಕೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಸ್ವಲ್ಪ ದಿನ ಹಗುರವಾಗಿದ್ದೆ, ಆಮೇಲೆ ಒಂದು ತಲೆನೋವು ಬಂತು, ಮಿದುಳಿನ ಗೆಡ್ಡೆ ಅಂತ ಹುಡುಕಲು ಶುರು ಮಾಡಿದೆ. ಕತ್ತಿನಲ್ಲಿ ಸಣ್ಣ ಗಂಟು ಕೈಗೆ ಸಿಕ್ಕಿತು, ಲಿಂಫೋಮಾ, ಅಂದರೆ ದುಗ್ಧಗ್ರಂಥಿಗಳ ಕ್ಯಾನ್ಸರ್ ಅಂದುಕೊಂಡೆ. ಹೆದರಿಕೆ ಮೈಯಲ್ಲಿ ಜಾಗ ಬದಲಿಸುತ್ತಿತ್ತು ಅಷ್ಟೇ. ಆಗ ಅದೇ ಡಾಕ್ಟರ್ ನನ್ನನ್ನು ಮನೋವೈದ್ಯರ ಹತ್ತಿರ ಕಳಿಸಿದರು. ಮೊದಲು ಬೇಜಾರಾಯಿತು, ನನ್ನ ನೋವು ಸುಳ್ಳು ಅನ್ನುತ್ತಿದ್ದಾರೆ ಅನಿಸಿತು. ಆದರೆ ಮನೋವೈದ್ಯರು ಹಾಗೆ ಹೇಳಲೇ ಇಲ್ಲ. ನೋವು ನಿಜ, ಅದಕ್ಕೆ ನೀವು ಕೊಡುತ್ತಿರುವ ಅರ್ಥದ ಬಗ್ಗೆ ಕೆಲಸ ಮಾಡೋಣ ಅಂದರು. ಗಂಭೀರ ಕಾಯಿಲೆ ಇದೆ ಅನ್ನುವ ಭಯ 6 ತಿಂಗಳಿಗಿಂತ ಹೆಚ್ಚು ಕಾಡಿ, ಬದುಕನ್ನೇ ನುಂಗುತ್ತಿದ್ದರೆ ವೈದ್ಯಕೀಯದಲ್ಲಿ ಅದಕ್ಕೆ ಹೆಸರೇ ಇದೆ, ಇಲ್‌ನೆಸ್ ಆಂಗ್ಸೈಟಿ ಡಿಸಾರ್ಡರ್. ಚಿಕಿತ್ಸೆಯೂ ಇದೆ.

ನನಗೆ ಕೊಟ್ಟಿದ್ದು ಸಿಬಿಟಿ ಅನ್ನುವ ಮಾತಿನ ಚಿಕಿತ್ಸೆ. ಕೆಲವರಿಗೆ ಮಾತ್ರೆಯೂ ಬೇಕಾಗುತ್ತದೆ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಬ್ರಿಟನ್ನಿನಲ್ಲಿ ಪೀಟರ್ ಟೈರರ್ ಅನ್ನುವ ಮನೋವೈದ್ಯರ ತಂಡ, ಆಸ್ಪತ್ರೆಗಳಿಗೆ ಬರುತ್ತಿದ್ದ ಇಂಥ 444 ಜನರ ಮೇಲೆ ಇದನ್ನು ಪರೀಕ್ಷಿಸಿತ್ತು. 5ರಿಂದ 10 ಭೇಟಿಗಳ ಚಿಕಿತ್ಸೆ, 5 ವರ್ಷದ ನಂತರವೂ ಅದರ ಪ್ರಯೋಜನ ಉಳಿದಿತ್ತು.

ಅಲ್ಲಿ ಕಲಿತದ್ದು ಹೇಳಲು ಸುಲಭ, ಮಾಡಲು ಕಷ್ಟ. ಹುಡುಕಬೇಕು ಅನಿಸಿದಾಗ ಅರ್ಧ ಗಂಟೆ ಮುಂದೂಡುವುದು, ಆಮೇಲೆ ಒಂದು ಗಂಟೆ, ಆಮೇಲೆ ನಾಳೆ. ಮೈ ಮುಟ್ಟಿ ನೋಡಿಕೊಳ್ಳುವುದನ್ನು ನಿಧಾನವಾಗಿ ಕಡಿಮೆ ಮಾಡುವುದು. “ನನಗೇನೂ ಆಗಲ್ಲ ಅಲ್ವಾ?” ಅಂತ ಅಕ್ಕನನ್ನು ಕೇಳುವುದನ್ನು ನಿಲ್ಲಿಸುವುದು, ಇದು ಎಲ್ಲಕ್ಕಿಂತ ಕಷ್ಟ. ಅಕ್ಕನಿಗೂ ಡಾಕ್ಟರ್ ಹೇಳಿಕೊಟ್ಟಿದ್ದರು, ಹಾಗಾಗಿ ಅವಳು “ಹೆದರಿಕೆ ಆಗ್ತಿದೆಯಾ? ಬಾ, ಪಕ್ಕದಲ್ಲಿ ಕೂತಿರ್ತೀನಿ” ಅನ್ನುತ್ತಿದ್ದಳು, ಏನೂ ಆಗಲ್ಲ ಅಂತ ಮಾತ್ರ ಹೇಳುತ್ತಿರಲಿಲ್ಲ. ಮೊದಲು ಕಲ್ಲು ಮನಸ್ಸು ಅನಿಸಿತ್ತು. ಆದರೆ ಹೆದರಿಕೆ ಒಂದು ಮಟ್ಟಕ್ಕೆ ಏರಿ, ಏನೂ ಮಾಡದಿದ್ದರೂ ತಾನಾಗಿಯೇ ಇಳಿಯುತ್ತದೆ ಅಂತ ನನಗೆ ಗೊತ್ತಾಗಿದ್ದು ಹಾಗೆ ಸುಮ್ಮನೆ ಕೂತಾಗಲೇ. ಈಗಲೂ ಒಮ್ಮೊಮ್ಮೆ ಬರುತ್ತದೆ. ದಿನವಿಡೀ ಇರುವುದಿಲ್ಲ.

ಟೆಸ್ಟ್‌ಗಳೆಲ್ಲ ಮೋಸ ಅಂತ ದಯವಿಟ್ಟು ಅರ್ಥ ಮಾಡಿಕೊಳ್ಳಬೇಡಿ. ಕ್ಯಾನ್ಸರ್ ಚಿಕ್ಕ ವಯಸ್ಸಿನಲ್ಲೂ ಬರುತ್ತದೆ, ನನ್ನ ಆ ಪರಿಚಯದವಳಿಗೆ ಬಂದ ಹಾಗೆ. ದೊಡ್ಡದಾಗುತ್ತಾ ಹೋಗುವ ಗಂಟು, ವೃಷಣದಲ್ಲಿ ನೋವಿಲ್ಲದ ಗಡ್ಡೆ, ಮಲದಲ್ಲಿ ರಕ್ತ, ಮುಟ್ಟಿನ ನಡುವೆ ಅಥವಾ ಸಂಭೋಗದ ನಂತರ ರಕ್ತ, ಬಟ್ಟೆ ಒದ್ದೆಯಾಗುವಷ್ಟು ರಾತ್ರಿ ಬೆವರು, ಮೂರು ವಾರ ಕಳೆದರೂ ದಿನಾ ಇರುವ ಹೊಟ್ಟೆ ಉಬ್ಬರ, ಊಟ ಸರಿಯಾಗಿ ಮಾಡುತ್ತಿದ್ದರೂ ಇಳಿಯುವ ತೂಕ, ಇವಿದ್ದರೆ ತಡ ಮಾಡದೆ ಡಾಕ್ಟರನ್ನು ನೋಡಿ. ಮನೆಯಲ್ಲಿ ಅಮ್ಮನಿಗೋ ಅಕ್ಕ ತಂಗಿಗೋ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಆಗಿದ್ದರೆ ಅದನ್ನೂ ಹೇಳಿ, ಅಂಥವರ ಲೆಕ್ಕ ಬೇರೆ. ನಿಜಕ್ಕೂ ಜೀವ ಉಳಿಸುವ ಸ್ಕ್ರೀನಿಂಗ್‌ಗಳೂ ಇವೆ. ಗರ್ಭಕೋಶದ ಕೊರಳಿನ ಕ್ಯಾನ್ಸರ್ ತರುವ ಎಚ್‌ಪಿವಿ ಅನ್ನುವ ವೈರಸ್ ತಡೆಯಲು ಲಸಿಕೆಯೇ ಇದೆ, ಜೊತೆಗೆ 30 ವರ್ಷದಿಂದ ಎಚ್‌ಪಿವಿ ಟೆಸ್ಟ್ ಮಾಡಿಸಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಜಾಹೀರಾತಿನಲ್ಲಿ ಇದನ್ನು ಯಾರೂ ಜೋರಾಗಿ ಹೇಳುವುದಿಲ್ಲ.

ಈಗಾಗಲೇ ಕೆಂಪು ಅಕ್ಷರದ ರಿಪೋರ್ಟ್ ಕೈಯಲ್ಲಿ ಹಿಡಿದು ಕೂತಿದ್ದರೆ ಹೀಗೆ ಮಾಡಿ. ಆ ಸಂಖ್ಯೆಯನ್ನು ಫೋನ್‌ನಲ್ಲಿ ಹುಡುಕಬೇಡಿ. ರಕ್ತ ಕೊಟ್ಟ ದಿನ ಮುಟ್ಟಾಗಿತ್ತಾ, ಜ್ವರ ಇತ್ತಾ, ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದಿರಿ, ಸಿಗರೇಟ್ ಸೇದುತ್ತೀರಾ, ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು, ಆ ಲ್ಯಾಬ್‌ಗೆ ಸಂಬಂಧವಿಲ್ಲದ ಒಬ್ಬ ಡಾಕ್ಟರ್ ಹತ್ತಿರ ಹೋಗಿ. ಒಬ್ಬರ ಹತ್ತಿರವೇ ಹೋಗಿ, ಐದು ಜನರ ಹತ್ತಿರ ಬೇಡ. ಮುಂದಿನ ಯಾವ ಟೆಸ್ಟ್ ಹೇಳಿದರೂ, ಇದರ ಫಲಿತಾಂಶ ಹೀಗೆ ಬಂದರೆ ಏನು ಮಾಡುತ್ತೀರಿ, ಹಾಗೆ ಬಂದರೆ ಏನು ಮಾಡುತ್ತೀರಿ ಅಂತ ಕೇಳಿ. ಲ್ಯಾಬ್‌ನವರು ಫೋನ್ ಮಾಡಿದರೆ, ನನ್ನ ಡಾಕ್ಟರ್ ಹತ್ತಿರ ಮಾತಾಡುತ್ತೇನೆ ಅಂತ ಹೇಳಿ ಇಟ್ಟುಬಿಡಿ, ಡಿಸ್ಕೌಂಟ್ ಮುಗಿದುಹೋಗುತ್ತದೆ ಅಂದರೂ ಸರಿ. ಬದುಕುವುದೇ ಬೇಡ ಅನಿಸುವಷ್ಟು ಹೆದರಿಕೆ ಆಗಿದ್ದರೆ ಮಾತ್ರ ನಾಳೆವರೆಗೆ ಕಾಯಬೇಡಿ, ಈಗಲೇ ಮನೆಯವರಲ್ಲಿ ಒಬ್ಬರನ್ನು ಎಬ್ಬಿಸಿ ಹೇಳಿ, ಅವರ ಜೊತೆ ಆಸ್ಪತ್ರೆಗೆ ಹೋಗಿ.