ಪೂನಾ, ಬ್ರೌನ್ ಟರ್ಕಿ, ಡಯಾನಾ: ಮೂರು ಅಂಜೂರದ ಕಡ್ಡಿ ನೆಟ್ಟು ನೋಡಿದೆ

ಅರಸೀಕೆರೆ ಹತ್ತಿರ ನಮ್ಮದು ತೆಂಗಿನ ತೋಟ. ಬದುವಿನ ಮೇಲೆ ಮೂರು ತಳಿಯ ಅಂಜೂರ ಇವೆ. ಹೋದ ವರ್ಷ ಜನವರಿ ಕೊನೆಗೆ ಗಿಡ ಸವರಿದಾಗ ಬಿದ್ದ ಕಡ್ಡಿಗಳನ್ನು ಎಸೆಯಲು ಮನಸ್ಸು ಬರಲಿಲ್ಲ. ಒಂದೊಂದು ತಳಿಯದೂ 12 ಕಡ್ಡಿ ನೆಟ್ಟೆ.

ಎಲ್ಲಕ್ಕೂ ಒಂದೇ ಆರೈಕೆ. ಒಂದು ವರ್ಷ ಬಲಿತ, ಪೆನ್ಸಿಲ್ ದಪ್ಪದ ಕಡ್ಡಿ, ಒಂದು ಗೇಣು ಉದ್ದ, ನಾಲ್ಕೈದು ಗೆಣ್ಣು. ಬುಡವನ್ನು ಗೆಣ್ಣಿನ ಕೆಳಗೇ ಕತ್ತರಿಸಿ, ಒಸರುವ ಹಾಲು ತೊಳೆದೆ. ಆ ಹಾಲು ಕೈಗೆ ತಾಗಿದರೆ ತುರಿಸುತ್ತೆ, ಹುಷಾರು. ಚೀಲಕ್ಕೆ ಕೆಮ್ಮಣ್ಣು, ಮರಳು, ತೆಂಗಿನ ನಾರಿನ ಪುಡಿ. ಗೊಬ್ಬರ ಬೇಡ.

ಡಯಾನಾ ಎಲ್ಲಕ್ಕಿಂತ ಮೊದಲು ಚಿಗುರಿತು. ಎರಡೇ ವಾರಕ್ಕೆ ಅಂಗೈಯಗಲ ಎಲೆ! ಖುಷಿಯಾಗಿ ನೀರು ಜಾಸ್ತಿ ಹಾಕಿದೆ. ಮಾರ್ಚ್‌ನಲ್ಲಿ ಎಲೆಗಳು ಒಂದೊಂದಾಗಿ ಜೋತುಬಿದ್ದವು. ಒಂದನ್ನು ಮೆಲ್ಲಗೆ ಎಳೆದರೆ ಕಡ್ಡಿ ಹಾಗೇ ಕೈಗೆ ಬಂತು. ಬುಡದಲ್ಲಿ ಒಂದೆಳೆ ಬೇರಿಲ್ಲ, ಕೊಳೆತು ಕಪ್ಪಾಗಿತ್ತು. ಕಡ್ಡಿಯೊಳಗೆ ಕೂಡಿಟ್ಟ ಆಹಾರದಿಂದಲೇ ಎಲೆ ಬರುತ್ತೆ, ಅದನ್ನು ನೋಡಿ ಬೇರು ಬಂತು ಅಂದುಕೊಳ್ಳಬಾರದು. ಬ್ರೌನ್ ಟರ್ಕಿ ತಡವಾಗಿ ಚಿಗುರಿದರೂ ಚೀಲದ ಬದಿಯಲ್ಲಿ ಬಿಳಿ ಬೇರು ಕಾಣಿಸಿತು. ಕೊನೆಗೆ ಬದುಕಿದ್ದು ಬ್ರೌನ್ ಟರ್ಕಿ 10, ಪೂನಾ 8, ಡಯಾನಾ 4.

ಹಣ್ಣಿನ ವಿಷಯಕ್ಕೆ ಬಂದರೆ, ಬ್ರೌನ್ ಟರ್ಕಿಯ ಸಿಪ್ಪೆ ಕಂದು ನೇರಳೆ. ಆ ಬಣ್ಣ ಕೊಡೋದು ಆಂಥೋಸಯಾನಿನ್. ನೇರಳೆ ಹಣ್ಣಿನಲ್ಲೂ ಇದೇ ಇರೋದು. ಅದು ಹೆಚ್ಚಾಗಿ ಸಿಪ್ಪೆಯಲ್ಲೇ ಇರುತ್ತೆ, ದಯವಿಟ್ಟು ಸುಲಿದು ತಿನ್ನಬೇಡಿ. ಹಸಿರು ಹಳದಿ ಸಿಪ್ಪೆಯ ಡಯಾನಾದಲ್ಲಿ ಅದು ಕಮ್ಮಿ, ಆದರೆ ಹಣ್ಣು ದೊಡ್ಡದು, ಒಣಗಿಸಲು ಸೊಗಸು. ಪೂನಾದ ಸಿಪ್ಪೆ ತೆಳು, ಒಳಗೆ ಕೆಂಪು ತಿರುಳು. ತಿನ್ನೋಕೆ ನನಗೆ ಅದೇ ಇಷ್ಟ, ಆದರೆ ಕಿತ್ತ ಮರುದಿನಕ್ಕೇ ಮೆತ್ತಗಾಗುತ್ತೆ.

ನಾರು, ಸುಣ್ಣದ ಅಂಶ (ಕ್ಯಾಲ್ಸಿಯಂ) ಬೇಕು ಅಂತ ತಳಿ ಹುಡುಕಬೇಕಿಲ್ಲ. ಹಸಿ ಹಣ್ಣು, ಒಣ ಹಣ್ಣಿನ ನಡುವಿನ ಅಂತರವೇ ದೊಡ್ಡದು. 100 ಗ್ರಾಂ ಹಸಿ ಹಣ್ಣಿನಲ್ಲಿ ಸುಮಾರು 3 ಗ್ರಾಂ ನಾರು, 35 ಮಿಲಿಗ್ರಾಂ ಕ್ಯಾಲ್ಸಿಯಂ. ಅಷ್ಟೇ ತೂಕದ ಒಣ ಅಂಜೂರದಲ್ಲಿ ಸುಮಾರು 10 ಗ್ರಾಂ ನಾರು, 160 ಮಿಲಿಗ್ರಾಂ ಕ್ಯಾಲ್ಸಿಯಂ. ನೀರು ಹೋಗಿ ಸಾರ ಉಳಿಯುತ್ತೆ, ಸಕ್ಕರೆಯೂ ಹಾಗೇ ಮೂರು ಪಟ್ಟು. ಅದಕ್ಕೇ ಸಕ್ಕರೆ ಕಾಯಿಲೆ ಇರುವ ನಮ್ಮ ಅತ್ತೆಗೆ ಒಣಗಿದ್ದು ಕೊಡಲ್ಲ.

ಸಕಲೇಶಪುರದ ತಂಗಿಗೂ ಮೂರು ತಳಿಯ ಗಿಡ ಕೊಟ್ಟಿದ್ದೆ. ಆಗಸ್ಟ್‌ನಲ್ಲಿ ಎಲೆಯ ಹಿಂಬದಿ ಕಂದು ಪುಡಿ, ತುಕ್ಕು ರೋಗ. "ಅಕ್ಕಾ, ಬರೀ ಕಡ್ಡಿ ನಿಂತಿದೆ" ಅಂದಳು. ಅಷ್ಟು ಮಳೆಗೆ ಯಾವ ತಳಿಯೂ ತಡೆಯಲಿಲ್ಲ. ಅರಸೀಕೆರೆ, ಕಡೂರಿನಂಥ ಒಣ ಸೀಮೆಯವರು ಬ್ರೌನ್ ಟರ್ಕಿಯಿಂದ ಶುರು ಮಾಡಿ. ಡಯಾನಾ ನಾನೂ ಬಿಡಲ್ಲ, ಈ ಮಳೆಗಾಲ ಅದಕ್ಕೆ ಗೂಟಿ ಕಟ್ಟಿ, ಅಂದರೆ ಕೊಂಬೆ ಗಿಡದಲ್ಲಿರುವಾಗಲೇ ಅದಕ್ಕೆ ಬೇರು ಬರಿಸಿ ನೋಡ್ತೇನೆ.